ಲಾನ್‌ಗೆರ್ನ್ಯೂ ಗ್ರಾಮದ ಪ್ರೇತವಾಣಿ

ಜಾನಪದದಲ್ಲಿ ಪ್ರೇತವೆಂದರೆ ಬಹುಮಟ್ಟಿಗೆ ಸತ್ತವರು ಮರಳಿ ಬರುವುದು. ತೀರದ ಆಸೆ, ಸೇಡು, ನಡೆಯದೆ ಉಳಿದ ಸಂಸ್ಕಾರ ಇವು ಅದಕ್ಕೆ ಕಾರಣಗಳು. ವೇಲ್ಸ್ ನಾಡಿನ ಪ್ರೇತ ನಂಬಿಕೆಗಳಲ್ಲಿ ಇದಕ್ಕಿಂತ ಭಿನ್ನವಾದ ಮತ್ತೊಂದು ಧಾರೆಯೂ ಪ್ರಬಲವಾಗಿದೆ. ಅಲ್ಲಿ ಕಾಣಿಸುವ ಅಥವಾ ಕೇಳಿಸುವ ಪ್ರೇತವು ಮುಂದೆ ಸಾಯಲಿರುವವರ ಸುದ್ದಿಯನ್ನು ತರುತ್ತದೆ. ಉತ್ತರ ವೇಲ್ಸಿನ ಕಾನ್ವಿ ಪ್ರಾಂತ್ಯದ ಲಾನ್‌ಗೆರ್ನ್ಯೂ ಎಂಬ ಪುಟ್ಟ ಗ್ರಾಮದ ಐತಿಹ್ಯ ಇದಕ್ಕೆ ಉತ್ತಮ ನಿದರ್ಶನ.

ಈ ಗ್ರಾಮದ ಚರ್ಚಿನಲ್ಲಿ ‘ಆಂಗೆಲಸ್ಟೋರ್’ ಎಂಬ ಚೇತನವಿದೆಯೆಂಬುದು ನಂಬಿಕೆ. ಪಾದ್ರಿ ಎಲಿಯಾಸ್ ಓವೆನ್ ಅವರು 1896ರಲ್ಲಿ ಪ್ರಕಟಿಸಿದ ವೇಲ್ಸ್ ಜಾನಪದ ಸಂಗ್ರಹದಲ್ಲಿ ಇದರ ವಿವರ ದೊರೆಯುತ್ತದೆ. ಚಳಿಗಾಲ ಕಾಲಿಡುವ ಮುನ್ನಾರಾತ್ರಿ, ಅಂದರೆ ಅಕ್ಟೋಬರ್ 31ರಂದು, ಆ ಚೇತನವು ಬಲಿಪೀಠದಿಂದ ವರ್ಷದೊಳಗೆ ಸಾಯಲಿರುವ ಊರವರ ಹೆಸರುಗಳನ್ನು ಹೇಳುತ್ತದೆ. ತಿಳಿಯಬಯಸುವವರು ಪೂರ್ವದ ಕಿಟಕಿಯ ಕೆಳಗೆ ನಿಂತು ಆಲಿಸುತ್ತಿದ್ದರು. ಇದನ್ನು ಸುಳ್ಳೆಂದು ತೋರಿಸಲು ಹೊರಟ ಶೋನ್ ಎಂಬ ವಿನೋದಶೀಲ ದರ್ಜಿಗೆ ಅಲ್ಲಿ ಕೇಳಿಸಿದ್ದು ತನ್ನದೇ ಹೆಸರು. ತಾನಿನ್ನೂ ಸಿದ್ಧನಾಗಿಲ್ಲವೆಂದು ಆತ ಕೂಗಿಕೊಂಡರೂ ಅದೇ ವರ್ಷ ತೀರಿಕೊಂಡನೆಂದು ಕಥೆ ಮುಗಿಯುತ್ತದೆ.

ನೈಋತ್ಯ ವೇಲ್ಸಿನಲ್ಲಿ ಪ್ರಚಲಿತವಾದ ‘ಹೆಣದ ದೀಪ’ದ ನಂಬಿಕೆಯೂ ಇದೇ ಬಗೆಯದು. ಮುಂದೆ ಶವಯಾತ್ರೆ ಸಾಗಲಿರುವ ದಾರಿಯಲ್ಲಿ ರಾತ್ರಿ ಒಂದು ಬೆಳಕು ಚಲಿಸುತ್ತದೆ; ಅದು ಚಿಕ್ಕದಾಗಿದ್ದರೆ ಮಗುವಿನ ಸಾವು, ದೊಡ್ಡದಾಗಿದ್ದರೆ ವಯಸ್ಕರ ಸಾವು. ಆದರೆ ದೀಪ ಅಕಸ್ಮಾತ್ತಾಗಿ ಕಣ್ಣಿಗೆ ಬೀಳುವಂಥದು. ಲಾನ್‌ಗೆರ್ನ್ಯೂವಿನ ವಾಣಿಯನ್ನಾದರೋ ಜನ ತಾವಾಗಿ ಹೋಗಿ ಕೇಳಬೇಕು. ಎಲ್ಲರೂ ಎಲ್ಲರನ್ನೂ ಬಲ್ಲ ಊರಿನಲ್ಲಿ ಕರೆಯಲ್ಪಡುವ ಪ್ರತಿಯೊಂದು ಹೆಸರೂ ಪರಿಚಿತ ಮುಖವೇ. ಆಲಿಸಲು ಬಂದವನು ನೆರೆಯವನ ಹೆಸರನ್ನು ಕೇಳಿ ಮನೆಗೆ ಮರಳಬೇಕಾಗಬಹುದು. ಆ ಅರಿವಿನ ಭಾರವೇ ಈ ಐತಿಹ್ಯದ ತಿರುಳು.

ಐತಿಹ್ಯದ ನೆಲೆಯೂ ಕ್ರಮೇಣ ಬದಲಾಗಿದೆ. ಚರ್ಚಿನ ಆವರಣದಲ್ಲಿ ಅತಿ ಪ್ರಾಚೀನವಾದ ಒಂದು ಯೂ ಮರವಿದೆ. ಅದರ ವಯಸ್ಸು ನಾಲ್ಕು ಸಾವಿರ ವರ್ಷವೆಂಬುದು ಪ್ರಚಲಿತ ಅಂದಾಜಾದರೂ ಅಷ್ಟಿರಲಾರದೆಂಬ ಅಭಿಪ್ರಾಯವೂ ಉಂಟು. 2002ರಲ್ಲಿ ಅದು ಬ್ರಿಟನ್ನಿನ 50 ಮಹಾವೃಕ್ಷಗಳ ಪಟ್ಟಿಗೆ ಸೇರಿತು. ಇಂದಿನ ನಿರೂಪಣೆಗಳಲ್ಲಿ ವಾಣಿ ಕೇಳಿಬರುವುದು ಈ ಮರದ ಬುಡದಲ್ಲಿ. ಅಕ್ಟೋಬರ್ 31ರೊಂದಿಗೆ ಜುಲೈ 31ರ ರಾತ್ರಿಯೂ ಸೇರಿಕೊಂಡಿದೆ. ಬಲಿಪೀಠದಿಂದ ಮರಕ್ಕೆ ಸರಿದರೂ ಚೇತನದ ಕಾಯಕ ಮಾತ್ರ ಬದಲಾಗಿಲ್ಲ: ಅದು ಈಗಲೂ ಹೆಸರುಗಳನ್ನೇ ಕರೆಯುತ್ತದೆ. ಸಾವನ್ನು ಇಡೀ ಊರು ಒಟ್ಟಾಗಿ ಎದುರುಗೊಳ್ಳುವ ಬಗೆಯೊಂದು ಆ ಕರೆಯಲ್ಲಿ ಉಳಿದುಬಂದಿದೆ.