ಗಡಿ ದಾಟದ ಐದು ಕಿಲೋ

ಹೈದರಾಬಾದಿನ ಕೋಠಿಗೆ ಆ ಹೆಸರು ಬಂದದ್ದು ಒಂದು ಬಂಗಲೆಯಿಂದ. ಬ್ರಿಟಿಷ್ ರೆಸಿಡೆಂಟನಿಗಾಗಿ ಹತ್ತೊಂಬತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಎದ್ದ ಆ ಕಟ್ಟಡ ಈಗ ಮಹಿಳಾ ವಿಶ್ವವಿದ್ಯಾಲಯದ ಆವರಣದಲ್ಲಿದೆ. ಅದರ ಸುತ್ತಲಿನ ಪೇಟೆ 1933ರವರೆಗೂ ರೆಸಿಡೆಂಟನ ಆಡಳಿತಕ್ಕೆ ಸೇರಿತ್ತು. ಬೀದಿ ದಾಟಿದರೆ ನಿಜಾಮನ ಕಾನೂನು. ಪೇಟೆ ನಿಜಾಮನಿಗೆ ಮರಳಿದ ಮೇಲೆ ಅದು ಸುಲ್ತಾನ್ ಬಜಾರ್ ಆಯಿತು. ಬೀದಿಗೊಂದು ಕಾನೂನಿನ ಕಾಲ ಅಲ್ಲಿಗೆ ಮುಗಿಯಿತು ಎಂದು ಇತಿಹಾಸದ ಮೇಷ್ಟರು ಹೇಳಿಯಾರು. ಕೂಲಿಗೆ ಬಂದ ಬೀದರಿನವರನ್ನು ಕೇಳಿದರೆ ಬೇರೆ ಉತ್ತರ ಸಿಗುತ್ತದೆ.

ಬಡ ಕುಟುಂಬಗಳಿಗೆ ಸರ್ಕಾರ ಕೊಡುವ ನೆರವು ಮೂರು ರೂಪದಲ್ಲಿ ಬರುತ್ತದೆ: ವಸ್ತು, ಹಣ, ಸೇವೆ. ಅಕ್ಕಿ ವಸ್ತು, ಗೃಹಲಕ್ಷ್ಮಿಯ 2,000 ರೂಪಾಯಿ ಹಣ, ಹೆರಿಗೆ ಆಸ್ಪತ್ರೆ ಸೇವೆ. ಕೊಡುವವರು ಇಬ್ಬರು, ಕೇಂದ್ರ ಮತ್ತು ರಾಜ್ಯ. ಹಲವು ಯೋಜನೆಗಳಲ್ಲಿ ಇಬ್ಬರ ಪಾಲೂ ಕಲೆತಿರುತ್ತದೆ. ವ್ಯಾಖ್ಯೆ ಇಷ್ಟು ಸಾಕು. ಇನ್ನು ಒಂದು ಸಂಸಾರವನ್ನು ಊಹಿಸಿಕೊಳ್ಳಿ.

ಬೀದರ್ ಜಿಲ್ಲೆಯ ಔರಾದ್ ಕಡೆಯವರು. ಗಂಡ ದಿನಾ ಬೆಳಿಗ್ಗೆ ಅಡ್ಡಾದಲ್ಲಿ ನಿಂತು ಗೌಂಡಿ ಕೆಲಸ ಹಿಡಿಯುತ್ತಾನೆ, ಹೆಂಡತಿ ನಾಲ್ಕು ಮನೆಗಳಲ್ಲಿ ಪಾತ್ರೆ ತಿಕ್ಕುತ್ತಾಳೆ. ಇಬ್ಬರು ಮಕ್ಕಳು, ಹೊಟ್ಟೆಯಲ್ಲಿ ಮೂರನೆಯದು. ಬಾಡಿಗೆ ಕೋಣೆ ಇರುವುದು ಕೋಠಿಯ ಹತ್ತಿರ, ರೇಷನ್ ಕಾರ್ಡು ಔರಾದದ್ದು.

ಈ ವಿಷಯ ಮಾತಾಡಲು ಹೋದಲ್ಲೆಲ್ಲ ಯಾರಾದರೂ ಎದ್ದು ಕೇಳುತ್ತಾರೆ: “ಈಗ ಒಂದು ದೇಶ ಒಂದು ಕಾರ್ಡು ಬಂದಿದೆಯಲ್ಲ ಸರ್, ಇನ್ನೇನು ತೊಂದರೆ?” ಓದಿದವರೂ ಎಡವುವುದು ಇಲ್ಲಿಯೇ. ಹಾಗಾಗಿ ಈ ವ್ಯವಸ್ಥೆ ಒಳಗೆ ಹೇಗೆ ನಡೆಯುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

2013ರ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಆದ್ಯತಾ ಕುಟುಂಬದ ಪ್ರತಿಯೊಬ್ಬರಿಗೆ ತಿಂಗಳಿಗೆ 5 ಕಿಲೋ ಧಾನ್ಯ. ಹಸುಗೂಸಿಗೂ ಅಷ್ಟೇ, ಕಾಯ್ದೆ ತಲೆ ಎಣಿಸುತ್ತದೆ, ವಯಸ್ಸು ಕೇಳುವುದಿಲ್ಲ. 2019ರಲ್ಲಿ ಎರಡು ಜೋಡಿ ರಾಜ್ಯಗಳ ನಡುವೆ ಕಾರ್ಡಿನ ವಿನಿಮಯ ಮೊದಲಾಯಿತು, ಒಂದು ಜೋಡಿ ತೆಲಂಗಾಣ ಮತ್ತು ಆಂಧ್ರ. 2020ರ ಜನವರಿಯಲ್ಲಿ ಕರ್ನಾಟಕವೂ ಸೇರಿತು. ಎಲ್ಲ ರಾಜ್ಯಗಳೂ 2021ರ ಜುಲೈ ಮುಗಿಯುವುದರೊಳಗೆ ಜಾರಿ ಮಾಡಬೇಕೆಂದು ಸುಪ್ರೀಂ ಕೋರ್ಟು ಗಡುವು ಹಾಕಿತು. ಕೊನೆಗೆ ಸೇರಿದ್ದು ಅಸ್ಸಾಂ, 2022ರಲ್ಲಿ.

ನಮ್ಮ ಗೌಂಡಿ ಸುಲ್ತಾನ್ ಬಜಾರಿನ ಅಂಗಡಿಯಲ್ಲಿ ಬೆರಳು ಒತ್ತಿದಾಗ ಆಗುವುದು ಇಷ್ಟು. ಯಂತ್ರ ಅವನ ಆಧಾರ್ ಸಂಖ್ಯೆ ಹಿಡಿದು ಔರಾದದ ಕಾರ್ಡನ್ನು ಹುಡುಕುತ್ತದೆ, ಈ ತಿಂಗಳು ಎಷ್ಟು ಬಾಕಿ ಇದೆ ನೋಡುತ್ತದೆ, ಅಷ್ಟರೊಳಗೆ ಕೊಡು ಎನ್ನುತ್ತದೆ. ಅಕ್ಕಿ ಬೀದರಿನಿಂದ ಬರುವುದಿಲ್ಲ, ಲೆಕ್ಕ ಮಾತ್ರ ಬರುತ್ತದೆ. ಅಂಗಡಿಯವನು ತನ್ನ ದಾಸ್ತಾನಿನಿಂದ ಅಳೆದು ಕೊಡುತ್ತಾನೆ. ಬೀದರಿನ ಅಕ್ಕಿಯೂ ಹೈದರಾಬಾದಿನ ಅಕ್ಕಿಯೂ ಕೇಂದ್ರದ ಒಂದೇ ಕಣಜದ ಲೆಕ್ಕದವು. ಆದ್ದರಿಂದ ಯಾವ ರಾಜ್ಯದ ಗಂಟೂ ಹೋಗುವುದಿಲ್ಲ. ಇನ್ನೊಂದು ಸೊಗಸಿದೆ. ದುಡಿಯಲು ಬಂದವರು ಇಲ್ಲಿ 10 ಕಿಲೋ ಎತ್ತಿ, ಅದೇ ಕಾರ್ಡಿನ ಊರಲ್ಲಿ ಉಳಿದವರು ಮಿಕ್ಕದ್ದನ್ನು ಅಲ್ಲಿಯೇ ಎತ್ತಬಹುದು. ಸಂಸಾರ ಎರಡು ಊರಲ್ಲಿ ಹಂಚಿಹೋಗಿರುತ್ತದೆ ಎಂಬುದನ್ನು ಇದನ್ನು ರೂಪಿಸಿದವರು ಗಮನಿಸಿದ್ದರು. ಸರ್ಕಾರಿ ಕೆಲಸದಲ್ಲಿ ಇಂಥ ಸೂಕ್ಷ್ಮ ಕಂಡಾಗ ನನಗೆ ಮಗುವಿನಂತೆ ಖುಷಿಯಾಗುತ್ತದೆ.

ಕೇಂದ್ರದ್ದು ಎಂಬ ಮಾತೇ ಇಲ್ಲಿ ಕೀಲಿ. ಕರ್ನಾಟಕ ಅನ್ನಭಾಗ್ಯದಲ್ಲಿ ತನ್ನ ಕಡೆಯಿಂದ ತಲೆಗೆ ಇನ್ನೂ 5 ಕಿಲೋ ಸೇರಿಸುತ್ತದೆ. ಅದು ಗಡಿ ದಾಟುವುದಿಲ್ಲ. ಬೆಂಗಳೂರಿನ ಖಜಾನೆಯ ಅಕ್ಕಿಯನ್ನು ಕೋಠಿಯಲ್ಲಿ ಅಳೆದರೆ ದುಡ್ಡು ಯಾರು ಕಟ್ಟಬೇಕು? ಆ ಲೆಕ್ಕ ಹೊಂದಿಸುವ ಖಾತೆಯನ್ನು ಯಾರೂ ತೆರೆದಿಲ್ಲ. ಒಂದು ತಮಾಷೆಯೆಂದರೆ, 2023ರ ಜುಲೈಯಲ್ಲಿ ಹೆಚ್ಚುವರಿ ಅಕ್ಕಿ ಸಿಗದೆ ಕರ್ನಾಟಕ ಅದರ ಬದಲು ಕಿಲೋಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿ ಬ್ಯಾಂಕಿಗೆ ಹಾಕತೊಡಗಿತು. ಬೇಕೆಂದು ಮಾಡಿದ್ದಲ್ಲದಿದ್ದರೂ, ವಲಸೆ ಹೋದವರಿಗೆ ಅದು ವರವಾಯಿತು. ಬ್ಯಾಂಕಿಗೆ ಬಿದ್ದ ಹಣ ಕೋಠಿಯ ಎಟಿಎಮ್ಮಿನಲ್ಲೂ ಬರುತ್ತದೆ. 2025ರ ಆರಂಭದಲ್ಲಿ ಹಣ ನಿಂತು ಅಕ್ಕಿಯೇ ಬಂತು. ಊರಲ್ಲಿದ್ದವರಿಗೆ ಒಳ್ಳೆಯದಾಯಿತು, ಊರು ಬಿಟ್ಟವರ ಪಾಲಿಗೆ ಆ ಅರ್ಧ ಮತ್ತೆ ಊರಿಗೆ ಕಟ್ಟುಬಿತ್ತು. ನಾಳೆ ಅದರ ಜಾಗದಲ್ಲಿ ಬೇಳೆ ಎಣ್ಣೆ ಕೊಟ್ಟರೂ ಕಥೆ ಅದೇ.

ಹಾಗಾದರೆ ಕಾರ್ಡನ್ನೇ ತೆಲಂಗಾಣಕ್ಕೆ ಬದಲಿಸಿಕೊಳ್ಳಲಿ ಎನ್ನುತ್ತೀರಿ. ಇಲ್ಲಿಯ ಕಾರ್ಡಿಗೆ ತಲೆಗೆ 6 ಕಿಲೋ ಇದೆ, ಅದೇ ಕಾರ್ಡು ಹಿಡಿದು ಆರೋಗ್ಯಶ್ರೀಯಲ್ಲಿ 10 ಲಕ್ಷದವರೆಗೆ ಚಿಕಿತ್ಸೆಯೂ ಇದೆ. ಆದರೆ ಗೃಹಲಕ್ಷ್ಮಿಯ ಹಣ ಬರುವುದು ಕರ್ನಾಟಕದ ಕಾರ್ಡಿನಲ್ಲಿ ಯಜಮಾನಿ ಎಂದು ಬರೆದ ಹೆಂಗಸಿಗೆ. ಕಾರ್ಡು ಬಿಟ್ಟರೆ ತಿಂಗಳಿಗೆ 2,000 ರೂಪಾಯಿ ಹೋಯಿತು. ಇಟ್ಟುಕೊಂಡರೆ ಆರೋಗ್ಯಶ್ರೀ ಇಲ್ಲ. ಬಡವರಿಗೆ ಲೆಕ್ಕ ಬಾರದು, ಸಿಕ್ಕಿದ್ದನ್ನೆಲ್ಲ ಬಾಚುತ್ತಾರೆ ಎಂದು ಮೂಗು ಮುರಿಯುವವರು ಈ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಬಿಡಿಸಿ ನೋಡಲಿ. ಮನೆಯಲ್ಲಿ ಯಾರಿಗೆ ಯಾವ ಕಾಯಿಲೆ ಬರುತ್ತದೆ ಎಂದು ಮೊದಲೇ ಗೊತ್ತಿದ್ದರೆ ಮಾತ್ರ ಸರಿಯುತ್ತರ ಸಿಗುತ್ತದೆ.

ಬಸ್ಸಿನದು ಇನ್ನೂ ಸ್ವಾರಸ್ಯ. ಕರ್ನಾಟಕದ ಶಕ್ತಿ ಯೋಜನೆ 2023ರ ಜೂನಿನಲ್ಲಿ, ತೆಲಂಗಾಣದ ಮಹಾಲಕ್ಷ್ಮಿ ಅದೇ ಡಿಸೆಂಬರಿನಲ್ಲಿ ಬಂದವು. ಎರಡರಲ್ಲೂ ಹೆಂಗಸರಿಗೆ ಟಿಕೆಟ್ಟಿಲ್ಲ, ಎರಡರಲ್ಲೂ ಆ ರಾಜ್ಯದ ವಿಳಾಸ ತೋರಿಸಬೇಕು. ಬೀದರ್ ವಿಳಾಸದ ಆಧಾರ್ ಹಿಡಿದವಳು ಕೋಠಿಯಲ್ಲಿ ಸಿಟಿ ಬಸ್ಸು ಹತ್ತಿದರೆ ದುಡ್ಡು ಕೊಡಬೇಕು. ಇಮ್ಲಿಬನ್ ನಿಲ್ದಾಣದಿಂದ ಊರಿಗೆ ಹೊರಟರೂ ಕೊಡಬೇಕು, ಏಕೆಂದರೆ ಶಕ್ತಿ ಅಂತರರಾಜ್ಯ ಬಸ್ಸಿಗೆ ಅನ್ವಯಿಸುವುದಿಲ್ಲ. ಎರಡು ಉಚಿತಗಳ ನಡುವೆ ಅವಳು ಪೂರ್ತಿ ಟಿಕೆಟ್ಟಿನ ಪ್ರಯಾಣಿಕಳು.

ಈಗ ಹೆರಿಗೆ. ಸುಲ್ತಾನ್ ಬಜಾರಿನ ಆಸ್ಪತ್ರೆ ನೋವು ಬಂದವಳ ರಾಜ್ಯ ನೋಡಿ ಬಾಗಿಲು ಹಾಕುವುದಿಲ್ಲ. ಅಂಗನವಾಡಿಯೂ ಹಾಗೆಯೇ, ಅದು ಕೇಳುವುದು ಈಗ ಎಲ್ಲಿದ್ದೀ ಎಂದಷ್ಟೇ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಶುರುವಾದ ಈ ಯೋಜನೆ ಕರ್ನಾಟಕದಲ್ಲಿ ಮೊದಲು ಕಣ್ಣು ಬಿಟ್ಟದ್ದು ತಿರುಮಕೂಡಲು ನರಸೀಪುರದಲ್ಲಿ. ಬಸುರಿಗೆ ಮಧ್ಯಾಹ್ನ ಒಂದು ಬಿಸಿಯೂಟ ಕೊಡುವ ತೆಲಂಗಾಣದ ಆರೋಗ್ಯಲಕ್ಷ್ಮಿಯೂ ಅಂಗನವಾಡಿಯ ಹೆಗಲ ಮೇಲೆಯೇ ನಿಂತಿದೆ. ಒಳ್ಳೆಯ ಯೋಜನೆಗೆ ಮಾದರಿ ಬೇಕೆಂದವರನ್ನು ನಾನು ವಿದೇಶಕ್ಕೆ ಕಳಿಸುವ ಮೊದಲು ಹತ್ತಿರದ ಅಂಗನವಾಡಿಗೆ ಕಳಿಸುತ್ತೇನೆ.

ಕೂಸು ಹುಟ್ಟಿತು. ಜನನ ಪ್ರಮಾಣಪತ್ರ ಹೈದರಾಬಾದ್ ಪಾಲಿಕೆಯದ್ದು. ಕೂಸಿನ 5 ಕಿಲೋ ಬರಬೇಕಾದರೆ ಹೆಸರು ಔರಾದದ ಕಾರ್ಡಿಗೆ ಏರಬೇಕು. ಕಾರ್ಡು ಬಳಸಲು ಎಲ್ಲಿ ಬೇಕಾದರೂ ಆದೀತು. ಹೆಸರು ಸೇರಿಸಲು ತವರು ರಾಜ್ಯವೇ ಆಗಬೇಕು. ಇದು ಎರಡನೆಯ ಎಡವುಗಲ್ಲು. ತಿದ್ದುಪಡಿಯ ಜಾಲತಾಣ ತೆರೆದಿರುವುದು ಕೆಲವೇ ದಿನ. ತೆರೆದ ಸುದ್ದಿ ಕೋಠಿಗೆ ಮುಟ್ಟುವಷ್ಟರಲ್ಲಿ ಮುಚ್ಚಿರುತ್ತದೆ. ಹೋದರೆ ಎರಡು ದಿನದ ಕೂಲಿ ಮತ್ತು ಬಸ್ ಚಾರ್ಜು, ಸರ್ವರ್ ಡೌನ್ ಎಂದರೆ ಇನ್ನೊಂದು ಸಲ. ಸರ್ಕಾರಗಳು ಎಷ್ಟು ಅರ್ಜಿ ವಿಲೇವಾರಿಯಾಯಿತು ಎಂದು ಎಣಿಸುತ್ತವೆ. ಒಂದು ಅರ್ಜಿಗೆ ಒಂದು ಸಂಸಾರ ಎಷ್ಟು ಸಲ ಅಲೆಯಿತು ಎಂದು ಎಣಿಸಿದ್ದರೆ ಯೋಜನೆಗಳ ಮುಖವೇ ಬೇರೆಯಾಗುತ್ತಿತ್ತು. ನನ್ನನ್ನು ಕೇಳಿದರೆ ಸುಧಾರಣೆ ಆ ಎಣಿಕೆಯಿಂದ ಶುರುವಾಗಬೇಕು.

ಮಕ್ಕಳು ಬೆಳೆದ ಮೇಲೂ ವಿಳಾಸ ಬೆನ್ನು ಬಿಡುವುದಿಲ್ಲ. ಉಸ್ಮಾನಿಯಾ ಮೆಡಿಕಲ್ ಕಾಲೇಜು ಇರುವುದು ಕೋಠಿಯಲ್ಲೇ. ಅಲ್ಲಿ ಸ್ಥಳೀಯರ ಪಾಲಿನ ಸೀಟು ಕೇಳಬೇಕಾದರೆ ಹನ್ನೆರಡನೆಯ ತರಗತಿಗೆ ಮುಟ್ಟುವ ಸತತ ನಾಲ್ಕು ವರ್ಷ ತೆಲಂಗಾಣದಲ್ಲಿ ಓದಿರಬೇಕು. ಆ ನಿಯಮವನ್ನು ಸುಪ್ರೀಂ ಕೋರ್ಟು 2025ರಲ್ಲಿ ಎತ್ತಿಹಿಡಿಯಿತು. ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ಕೊಡುವ ಕರ್ನಾಟಕದ ಯುವನಿಧಿಗೆ ಕನಿಷ್ಠ ಆರು ವರ್ಷ ಕರ್ನಾಟಕದಲ್ಲಿ ಓದಿರಬೇಕು. ಅಪ್ಪನ ಕೆಲಸ ಹೋದಲ್ಲಿ ಶಾಲೆ ಬದಲಿಸಿದ ಹುಡುಗ ಎರಡೂ ಕಡೆ ವರ್ಷ ಸಾಲದವನು. ಅವನಿಗೆ ಯಾರೂ ವಿಳಾಸ ಕೇಳದೆ ಏನಾದರೂ ಕೊಡುವ ಜಾಗವೆಂದರೆ ಕೋಠಿಯ ಹಳೆ ಪುಸ್ತಕದ ಸಾಲು. ಅಲ್ಲಿಯೂ ಚೌಕಾಸಿ ಬಲ್ಲವನಾಗಿರಬೇಕು ಅನ್ನಿ.

ಈ ಗಂಟು ನಮ್ಮ ದೇಶದ್ದೊಂದೇ ಅಲ್ಲ. 1966ರಲ್ಲಿ ವಿವಿಯನ್ ಥಾಂಪ್ಸನ್ ಎಂಬ ಹತ್ತೊಂಬತ್ತರ ಬಸುರಿ ತಾಯಿ ಅಮೆರಿಕದ ಮ್ಯಾಸಚೂಸೆಟ್ಸಿನಿಂದ ಕನೆಕ್ಟಿಕಟ್‌ಗೆ ಬಂದಳು. ಬಂದು ವರ್ಷವಾಗಿಲ್ಲವೆಂದು ಆ ರಾಜ್ಯ ನೆರವು ನಿರಾಕರಿಸಿತು. ಅಂಥ ಒಂದು ವರ್ಷದ ಕಾಯುವಿಕೆ ಸಂವಿಧಾನಕ್ಕೆ ವಿರುದ್ಧವೆಂದು 1969ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ಹೇಳಿತು. ಯುರೋಪಿಯನ್ ಒಕ್ಕೂಟದ 2004ರ ನಿಯಮ ಇನ್ನೂ ಜಾಣತನದ್ದು: ಕುಟುಂಬದ ಭತ್ಯೆಗೆ ಎರಡು ದೇಶ ಹೊಣೆಯಾದರೆ ಒಂದು ಮೊದಲು ಕೊಡುತ್ತದೆ, ಇನ್ನೊಂದರ ದರ ಹೆಚ್ಚಿದ್ದರೆ ಆ ವ್ಯತ್ಯಾಸವನ್ನು ಅದು ತುಂಬುತ್ತದೆ. ಬೇರೆ ಬೇರೆ ಭಾಷೆಯ ಎರಡು ದೇಶಗಳಿಗೆ ಆಗುವ ಲೆಕ್ಕ, 1956ರ ನವೆಂಬರ್ ತನಕ ಒಂದೇ ರಾಜ್ಯದಲ್ಲಿದ್ದ ಬೀದರಿಗೂ ಹೈದರಾಬಾದಿಗೂ ಆಗದೆ ಇರಲು ಕಾರಣ ಕಾಣೆ.

ಎರಡು ಸರ್ಕಾರಗಳು ಕೂತು ಆ ಖಾತೆ ತೆರೆಯುವವರೆಗೆ ನಾವೂ ಒಂದಿಷ್ಟು ಮಾಡಬಹುದು. ಕೋಠಿಯ ಪಕ್ಕದ ಕಾಚಿಗೂಡದಲ್ಲಿ ನೃಪತುಂಗ ಶಾಲೆಯಿದೆ, ಕರ್ನಾಟಕ ಸಾಹಿತ್ಯ ಮಂದಿರವಿದೆ. ಭಾನುವಾರ ಒಂದು ಮೇಜು ಹಾಕಿ ಕೂತು ಯಾರ ಕಾರ್ಡು ಎಲ್ಲಿಯದು, ಯಾವ ಕೂಸಿನ ಹೆಸರು ಬಿಟ್ಟುಹೋಗಿದೆ, ಎಷ್ಟು ಸಲ ಊರಿಗೆ ಹೋಗಿಬಂದರು ಎಂದು ಬರೆದುಕೊಳ್ಳುವ ಹತ್ತು ವಿದ್ಯಾರ್ಥಿಗಳು ಬೇಕು. ಆರು ತಿಂಗಳು ಬರೆದರೆ ಯಾವ ಇಲಾಖೆಯ ಮುಂದೆಯಾದರೂ ಇಡಬಹುದಾದ ದಾಖಲೆಯಾಗುತ್ತದೆ. ಬೆಂಗಳೂರಿನಲ್ಲಿ ತೆಲುಗರ ನಡುವೆಯೂ, ಪುಣೆ ಸೊಲ್ಲಾಪುರಗಳ ಕನ್ನಡಿಗರ ನಡುವೆಯೂ ಇದೇ ಕೆಲಸ ಕಾದಿದೆ.

ಅದೂ ಆಗದಿದ್ದರೆ, ನಿಮ್ಮ ಮನೆಗೆ ಕೆಲಸಕ್ಕೆ ಬರುವವರ ರೇಷನ್ ಕಾರ್ಡು ಯಾವ ಊರಿನದೆಂದು ಇವತ್ತೇ ಕೇಳಿ. ಆದ್ಯತಾ ಅಥವಾ ಅಂತ್ಯೋದಯ ಕಾರ್ಡಾಗಿದ್ದು ಆಧಾರ್ ಜೋಡಿಸಿದ್ದರೆ, ಕೇಂದ್ರದ ಪಾಲಿನ ಧಾನ್ಯ ಹತ್ತಿರದ ನ್ಯಾಯಬೆಲೆ ಅಂಗಡಿಯಲ್ಲೇ ಸಿಗಬೇಕು. ಅಂಗಡಿಯವನು ಇಲ್ಲ ಎಂದರೆ ದೂರು ಹೇಳುವ ಉಚಿತ ಸಂಖ್ಯೆ 14445.