ಕೀಲಿನಲ್ಲಿ ಕುಳಿತ ಪ್ರೋಟೀನನ್ನು ಕಾಣುವ ಬಗೆ

ಮೂಡಲಗಿ ತಾಲ್ಲೂಕಿನ ಕುಲಗೋಡದ ರೈತನೊಬ್ಬನನ್ನು ಕಲ್ಪಿಸಿಕೊಳ್ಳೋಣ. ಮೂತ್ರಪಿಂಡಗಳು ಕೆಟ್ಟುದರಿಂದ ಆತನು ಹಲವು ವರ್ಷಗಳಿಂದ ಡಯಾಲಿಸಿಸ್ ಯಂತ್ರದ ಮೂಲಕ ರಕ್ತವನ್ನು ಶುದ್ಧಿ ಮಾಡಿಸಿಕೊಳ್ಳುತ್ತಿದ್ದಾನೆ. ಈಗ ಭುಜ ನೋಯುತ್ತದೆ. ರಾತ್ರಿ ಬೆರಳುಗಳು ಜೋಮು ಹಿಡಿಯುತ್ತವೆ. ಇದು ಮುಪ್ಪಿನ ಸಂಧಿವಾತವೆ, ಕೀಲಿಗೆ ತಗುಲಿದ ಸೋಂಕೆ, ಇಲ್ಲವೆ ಮತ್ತೊಂದು ರೋಗವೆ? ಸೋಂಕಾದರೆ ತಡಮಾಡುವಂತಿಲ್ಲ, ಅಲ್ಲವಾದರೆ ಅದರ ಔಷಧ ವ್ಯರ್ಥ. ಆದುದರಿಂದ ಕೀಲನ್ನು ಕೊಯ್ಯದೆಯೇ ಅದರ ಒಳಗನ್ನು ನೋಡಬೇಕಾಗುತ್ತದೆ.

ನಮ್ಮ ರಕ್ತದಲ್ಲಿ ಬೀಟಾ-2 ಮೈಕ್ರೊಗ್ಲಾಬ್ಯುಲಿನ್ ಎಂಬ ಪುಟ್ಟ ಪ್ರೋಟೀನು ಉಂಟು. ಅದು 99 ಅಮೈನೋ ಆಮ್ಲಗಳ ಸರಪಳಿ. ಆರೋಗ್ಯವಾದ ಮೂತ್ರಪಿಂಡವು ಅದನ್ನು ಸೋಸಿ ತೆಗೆಯುತ್ತದೆ. ಡಯಾಲಿಸಿಸಿನ ಹಳೆಯ ಬಗೆಯ ಪೊರೆಗಳ ರಂಧ್ರಗಳಲ್ಲಿ ಅದು ತೂರದು; ಹೊಸ ಪೊರೆಗಳಲ್ಲಿಯೂ ಪೂರ್ತಿಯಾಗಿ ಹೊರಹೋಗದು. ಉಳಿದುದು ವರ್ಷಗಟ್ಟಲೆ ಸೇರಿ, ನೂಲಿನಂತಹ ಎಳೆಗಳಾಗಿ ಕೀಲುಗಳಲ್ಲಿ ಕುಳಿತುಬಿಡುತ್ತದೆ. ಇದೇ ಅಮೈಲಾಯಿಡ್. ಇದರಲ್ಲಿರುವ ಪ್ರೋಟೀನು ಯಾವುದೆಂಬುದನ್ನು ಜಪಾನಿನ ಸಂಶೋಧಕರು 1985ರಲ್ಲಿ ಗುರುತಿಸಿದರು.

ಕ್ಷಕಿರಣಕ್ಕೆ ಇದು ಕಾಣದೇಕೆ? ಕಿರಣವನ್ನು ಹೀರುವ ಶಕ್ತಿಯು, ಸ್ಥೂಲವಾಗಿ ಹೇಳುವುದಾದರೆ, ಪರಮಾಣುಸಂಖ್ಯೆಯ ಘನದಂತೆ ಏರುತ್ತದೆ. ಎಲುಬಿನ ಕ್ಯಾಲ್ಸಿಯಮ್ಮಿನ ಸಂಖ್ಯೆ 20. ಪ್ರೋಟೀನಿನ ಇಂಗಾಲ, ಸಾರಜನಕ, ಆಮ್ಲಜನಕಗಳದು 6, 7, 8. ಮಾಂಸವೂ ಇಂತಹ ಹಗುರ ಪರಮಾಣುಗಳಿಂದಲೇ ಆದುದು. ಆದುದರಿಂದ ಅಮೈಲಾಯಿಡ್ ಅದರಿಂದ ಬೇರೆಯಾಗಿ ತೋರದು. ಅದು ಎಲುಬನ್ನು ಕೊರೆದ ಗುಳಿಗಳು ಮಾತ್ರ ಚಿತ್ರದಲ್ಲಿ ಕಪ್ಪಗೆ ಕಾಣುತ್ತವೆ. ಅಂದರೆ ನಮಗೆ ದೊರೆಯುವುದು ಕಳ್ಳನಲ್ಲ, ಕನ್ನ.

ಎಂ.ಆರ್.ಐ. ಯಂತ್ರವು ನೋಡುವುದು ಮುಖ್ಯವಾಗಿ ನೀರಿನ ಜಲಜನಕವನ್ನು. 1.5 ಟೆಸ್ಲಾ ಕಾಂತಕ್ಷೇತ್ರದಲ್ಲಿ, ಎಂದರೆ ಭೂಮಿಯ ಕ್ಷೇತ್ರದ 30,000 ಪಟ್ಟಿಗೂ ಮಿಗಿಲಾದುದರಲ್ಲಿ, ಜಲಜನಕದ ಪರಮಾಣುಬೀಜಗಳು ಸೆಕೆಂಡಿಗೆ ಸುಮಾರು 6.4 ಕೋಟಿ ಆವರ್ತಗಳ ರೇಡಿಯೊ ಅಲೆಗೆ ಓಗೊಡುತ್ತವೆ. ಸ್ವಚ್ಛಂದವಾಗಿ ಅಲೆಯುವ ನೀರಿನಲ್ಲಿ ಈ ಮರುದನಿ ಬಹಳ ಹೊತ್ತು ನಿಲ್ಲುತ್ತದೆ. ಅಮೈಲಾಯಿಡ್ ಎಳೆಗಳ ನಡುವೆ ಸಿಕ್ಕಿದ ನೀರಿನಲ್ಲಿ ಬೇಗನೆ ಅಡಗುತ್ತದೆ. ಈ ಭೇದವನ್ನು ಎತ್ತಿ ತೋರಿಸುವ ಟಿ-2 ಚಿತ್ರದಲ್ಲಿ ಕೀಲಿನ ನೀರು ಬೆಳ್ಳಗೆ ಹೊಳೆದರೆ, ಅಮೈಲಾಯಿಡ್ ಸಾಮಾನ್ಯವಾಗಿ ಮಂಕಾಗಿಯೇ ಉಳಿಯುತ್ತದೆ.

ಆದರೂ ಚಿತ್ರವು ಸಾಕ್ಷಿಯೇ ಹೊರತು ತೀರ್ಪಲ್ಲ. ಊತಕದ ಚೂರೊಂದಕ್ಕೆ ಕಾಂಗೊ ಕೆಂಪು ಬಣ್ಣವನ್ನು ಹಚ್ಚಿ, ಧ್ರುವೀಕೃತ ಬೆಳಕಿನಲ್ಲಿ ಹಸುರು ಮಿನುಗಿದರೆ ಸಂದೇಹ ನೀಗುತ್ತದೆ.

ಮೂತ್ರಪಿಂಡದ ಕಸಿ ಯಶಸ್ವಿಯಾದರೆ ನೋವು ತಗ್ಗುತ್ತದೆ, ರೋಗದ ಮುನ್ನಡೆಯೂ ನಿಲ್ಲುತ್ತದೆ. ಆದರೆ ಎಲುಬಿನ ಹಳೆಯ ಗುಳಿಗಳು ಸಾಮಾನ್ಯವಾಗಿ ಮುಚ್ಚವು. ನಾವು ಮೇಲೆ ಕಲ್ಪಿಸಿದ ರೈತನ ತೋಳು ಮತ್ತೆ ಸನಿಕೆ ಹಿಡಿಯುವುದೇ ಎಂಬುದು, ರೋಗವನ್ನು ಎಷ್ಟು ಬೇಗ ಕಂಡೆವೆಂಬುದನ್ನು ಬಹುಮಟ್ಟಿಗೆ ಅವಲಂಬಿಸಿದೆ.