ದೇವರ ಚಿತ್ತ, ನಮ್ಮ ಲೆಕ್ಕ

ಮಗು ಎಸ್ಸೆಸ್ಸೆಲ್ಸಿ ಮುಗಿಸುವ ಮೊದಲೇ ಅದು ಎಂಜಿನಿಯರೋ ಡಾಕ್ಟರೋ ಎಂಬುದು ಎಷ್ಟೋ ಮನೆಗಳಲ್ಲಿ ತೀರ್ಮಾನವಾಗಿರುತ್ತದೆ. ಪಿಯುಸಿ, ಕೋಚಿಂಗ್, ಸೀಟು, ನೌಕರಿ... ಎಲ್ಲಕ್ಕೂ ಲೆಕ್ಕ ಸಿದ್ಧ. ಇಂಥ ಮನೆಗೆ ಕ್ರೈಸ್ತ ಧರ್ಮದ ಮಾತೊಂದು ವಿಚಿತ್ರವಾಗಿ ಕೇಳಿಸೀತು: ನಿನ್ನ ಬದುಕಿನ ಯೋಜನೆಯನ್ನು ದೇವರ ಕೈಗೆ ಒಪ್ಪಿಸಿಬಿಡು. ಹಾಗೆಂದರೆ ಪುಸ್ತಕ ಮುಚ್ಚಿಟ್ಟು ಕೈಕಟ್ಟಿ ಕೂರುವುದೆ?

ಅಲ್ಲ ಎನ್ನುತ್ತದೆ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಕತೆ. ನಮ್ಮ ನಾಡಿನಿಂದಲೂ ರೋಗಿಗಳು ರೈಲು ಹತ್ತಿ ಹೋಗುವ ಆಸ್ಪತ್ರೆ ಅದು. ಅದನ್ನು ಕಟ್ಟಿದ ಐಡಾ ಸ್ಕಡರ್ ಅವರಿಗೆ ಡಾಕ್ಟರಾಗುವ ಆಸೆಯೇ ಇರಲಿಲ್ಲ!

ಐಡಾ ಹುಟ್ಟಿದ್ದು 1870ರಲ್ಲಿ, ವೆಲ್ಲೂರಿಗೆ ಸಮೀಪದ ರಾಣಿಪೇಟೆಯಲ್ಲಿ. ತಾತ, ತಂದೆ ಇಬ್ಬರೂ ಅಮೆರಿಕದಿಂದ ಬಂದ ಮಿಷನರಿ ವೈದ್ಯರು. ಬರಗಾಲ, ಹಸಿವು, ರೋಗಗಳನ್ನು ಬಾಲ್ಯದಲ್ಲೇ ಕಂಡಿದ್ದ ಹುಡುಗಿಗೆ ಮನೆತನದ ದಾರಿ ಬೇಡವಾಗಿತ್ತು. ಅಮೆರಿಕದಲ್ಲಿ ಓದಿ, ಮದುವೆಯಾಗಿ, ಅಲ್ಲೇ ನೆಲೆಸುವುದು ಅವರ ಕನಸು. ತಾಯಿಗೆ ಕಾಯಿಲೆಯೆಂದು 1890ರಲ್ಲಿ ತಿಂಡಿವನಕ್ಕೆ ಬಂದದ್ದು ಸ್ವಲ್ಪ ದಿನದ ಮಟ್ಟಿಗೆ, ಅಷ್ಟೆ.

ಆ ದಿನಗಳಲ್ಲೇ ಒಂದು ರಾತ್ರಿ ಒಬ್ಬರ ಹಿಂದೊಬ್ಬರಂತೆ ಮೂವರು ಗಂಡಸರು ಬಾಗಿಲಿಗೆ ಬಂದರು. ಒಬ್ಬ ಬ್ರಾಹ್ಮಣ, ಒಬ್ಬ ಮುಸ್ಲಿಂ, ಇನ್ನೊಬ್ಬ ಮತ್ತೊಂದು ಜಾತಿಯ ಹಿಂದೂ. ಮೂವರ ಹೆಂಡಿರೂ ಹೆರಿಗೆಯ ಸಂಕಟದಲ್ಲಿದ್ದರು. ಡಾಕ್ಟರಾದ ತಂದೆ ಬರುತ್ತಾರೆ ಎಂದರು ಐಡಾ. ಪರಗಂಡಸು ನೋಡುವಂತಿಲ್ಲ, ನೀವೇ ಬನ್ನಿ ಎಂದರು ಅವರು. ಐಡಾಗೆ ವೈದ್ಯ ತಿಳಿಯದು. ಬೆಳಗಾಗುವಷ್ಟರಲ್ಲಿ ಮೂವರು ಹೆಂಗಸರೂ ತೀರಿಕೊಂಡಿದ್ದರು.

ಆ ರಾತ್ರಿಯನ್ನು ಪ್ರಾರ್ಥನೆಯಲ್ಲಿ ಕಳೆದ ಐಡಾ, ಡಾಕ್ಟರಾಗಿ ಹಿಂತಿರುಗುತ್ತೇನೆಂದು ಮನೆಯವರಿಗೆ ತಿಳಿಸಿದರು. ತಮ್ಮ ಯೋಜನೆಯನ್ನು ಅವರು ದೇವರಿಗೆ ಒಪ್ಪಿಸಿದ್ದು ಹೀಗೆ. ಆದರೆ ಗಮನಿಸಿ, ಒಪ್ಪಿಸಿದ ಮೇಲೆ ಕೆಲಸ ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ವರ್ಷಗಟ್ಟಲೆ ಓದಿ 1899ರಲ್ಲಿ ಕಾರ್ನೆಲ್ ವೈದ್ಯಕೀಯ ಕಾಲೇಜಿನಿಂದ ಪದವಿ ಪಡೆದರು. ಆಸ್ಪತ್ರೆಗಾಗಿ ಹಣ ಕೂಡಿಸಿದರು.

ಹೊಸ ಲೆಕ್ಕವೂ ಅಂದುಕೊಂಡಂತೆ ನಡೆಯಲಿಲ್ಲ. ತಂದೆಯ ಕೈಕೆಳಗೆ ಪಳಗಬೇಕೆಂದು 1900ರಲ್ಲಿ ವೆಲ್ಲೂರಿಗೆ ಬಂದರೆ, ಕೆಲವೇ ತಿಂಗಳಲ್ಲಿ ತಂದೆ ತೀರಿಕೊಂಡರು. ಐಡಾ ಒಂದೇ ಹಾಸಿಗೆಯ ಚಿಕಿತ್ಸಾಲಯದಿಂದ ಕೆಲಸ ಆರಂಭಿಸಿದರು. 1902ರಲ್ಲಿ 40 ಹಾಸಿಗೆಗಳ ಆಸ್ಪತ್ರೆ ಎದ್ದು ನಿಂತಿತು. 1918ರಲ್ಲಿ ಹೆಣ್ಣುಮಕ್ಕಳಿಗಾಗಿ ವೈದ್ಯಕೀಯ ಶಾಲೆ ತೆರೆಯಿತು. 1947ರಿಂದ ಹುಡುಗರಿಗೂ ಪ್ರವೇಶ ಸಿಕ್ಕಿತು. ಐಡಾ ಮದುವೆಯಾಗಲಿಲ್ಲ. 1960ರಲ್ಲಿ ಕೊಡೈಕನಾಲಿನಲ್ಲಿ ಕಣ್ಣುಮುಚ್ಚಿದರು.

ದೇವರ ಚಿತ್ತಕ್ಕೆ ತಲೆಬಾಗುವುದೆಂದರೆ ನೋವೇ ಇಲ್ಲವೆಂದು ಬೈಬಲ್ ಹೇಳುವುದಿಲ್ಲ. ಗೆತ್ಸೇಮನೆ ತೋಟದಲ್ಲಿ ಯೇಸು ಸ್ವಾಮಿಯೇ ಮೊದಲು ಬೇಡಿಕೊಂಡದ್ದು, ಬರಲಿರುವ ಕಷ್ಟ ತಪ್ಪಲಿ ಎಂದು. ಆಮೇಲೆ ತನ್ನ ಇಷ್ಟವನ್ನು ತಂದೆಯ ಚಿತ್ತಕ್ಕೆ ಬಿಟ್ಟುಕೊಟ್ಟ. ಮನಸ್ಸಿನ ಆಸೆಯನ್ನು ಮುಚ್ಚಿಡಬೇಕಿಲ್ಲ, ಅದನ್ನು ಹೇಳಿಕೊಂಡೇ ಒಪ್ಪಿಸಬಹುದು.

ಹೆತ್ತವರಿಗೂ ಇಲ್ಲೊಂದು ಪಾಠವಿದೆ. ನಮ್ಮ ಹಟಕ್ಕೆ ದೇವರ ಚಿತ್ತವೆಂಬ ಹೆಸರಿಟ್ಟು ಮಕ್ಕಳ ಮೇಲೆ ಹೇರುವುದು ಸುಲಭ. ಅದು ಸಮರ್ಪಣೆಯಲ್ಲ. ಐಡಾರನ್ನು ಬದಲಿಸಿದ್ದು ತಾತ-ತಂದೆಯ ಪರಂಪರೆಯ ಒತ್ತಾಯವಲ್ಲ, ಬಾಗಿಲಿಗೆ ಬಂದು ನಿಂತ ಇನ್ನೊಬ್ಬರ ಸಂಕಟ. ಮಕ್ಕಳ ಭವಿಷ್ಯವನ್ನು ದೇವರಿಗೆ ಒಪ್ಪಿಸುವ ತಂದೆ-ತಾಯಿ ಮೊದಲು ತಮ್ಮ ಬಿಗಿಹಿಡಿತ ಸಡಿಲಿಸಬೇಕು.

ವಿದ್ಯಾರ್ಥಿಗಳೇ, ಬಯಸಿದ ಸೀಟು ಕೈತಪ್ಪಿದರೆ ಎಲ್ಲ ಮುಗಿಯಿತೆಂದುಕೊಳ್ಳಬೇಡಿ. ಯೋಜನೆ ಹಾಕಿ, ಮನಸ್ಸಿಟ್ಟು ಓದಿ. ಆದರೆ ನಿಮ್ಮ ಲೆಕ್ಕದ ಪುಸ್ತಕದಲ್ಲಿ ದೇವರಿಗೆಂದು ಒಂದು ಹಾಳೆ ಖಾಲಿ ಬಿಟ್ಟಿರಿ.